ಭಟ್ಟಿ ಊರಿನ ಮಗಳು

ನಮ್ಮೂರು ಭದ್ರಾವತಿ ಅಂದ ಕೂಡಲೇ ಎಲ್ಲರೂ "ಓ, ಕಬ್ಬಿಣದ ಕಾರ್ಖಾನೆ ಊರಾ?" ಅಂತಾರೆ. ಹೌದು, ಅದೇ. ಆದರೆ ಆ ಕಾರ್ಖಾನೆಗೆ ಮೊದಲು ಇಟ್ಟ ಹೆಸರಿನಲ್ಲಿ ಕಬ್ಬಿಣಕ್ಕೆ ಎರಡನೇ ಜಾಗ ಅಂತ ನಿಮಗೆ ಗೊತ್ತಿತ್ತಾ? 1918ರಲ್ಲಿ ಮೈಸೂರು ಸಂಸ್ಥಾನ ಅದನ್ನು ಶುರು ಮಾಡಿದಾಗ ಹೆಸರು "ಮೈಸೂರು ವುಡ್ ಡಿಸ್ಟಿಲೇಶನ್ ಅಂಡ್ ಐರನ್ ವರ್ಕ್ಸ್". ಅಂದ್ರೆ ಮೊದಲು ಮರದ ಭಟ್ಟಿ, ಆಮೇಲೆ ಕಬ್ಬಿಣ. ನಮ್ಮ ತಾತ ಕೆಲಸಕ್ಕೆ ಸೇರಿದ್ದು ಈ ಭಟ್ಟಿ ವಿಭಾಗಕ್ಕೆ. ಮನೆಗೆ ಹೊಸಬರು ಯಾರಾದ್ರೂ ಬಂದು "ಏನು ಕೆಲಸ ತಮ್ಮದು?" ಅಂತ ಕೇಳಿದ್ರೆ "ಸರ್ಕಾರಿ ಭಟ್ಟಿ ಇಳಿಸೋದು" ಅಂತ ಗಂಭೀರವಾಗಿ ಹೇಳ್ತಿದ್ರಂತೆ. ಬಂದವರು ಅಜ್ಜಿಯ ಮುಖ ನೋಡೋರು. ಅಜ್ಜಿ ಎದ್ದು ಒಳಗೆ ಹೋಗೋರು :-)

ಭಟ್ಟಿ ಅಂದ್ರೆ ನಮಗೆಲ್ಲ ಮೊದಲು ನೆನಪಾಗೋದು ಕಳ್ಳಭಟ್ಟಿ ತಾನೆ? ಆದರೆ ತಾತನ ಭಟ್ಟಿಯಲ್ಲಿ ಇಳಿಸುತ್ತಿದ್ದದ್ದು ಕಾಡಿನ ಮರವನ್ನು. ಮರದ ತುಂಡುಗಳನ್ನು ಗಾಳಿ ಆಡದಂಥ ದೊಡ್ಡ ಕಬ್ಬಿಣದ ಕೋಣೆಗಳಲ್ಲಿ ತುಂಬಿ ಹೊರಗಿಂದ ಕಾಯಿಸೋದು. ಗಾಳಿ ಇಲ್ಲದ್ದರಿಂದ ಮರ ಉರಿದು ಬೂದಿಯಾಗಲ್ಲ, ಇದ್ದಿಲಾಗುತ್ತೆ. ಅದರಿಂದ ಎದ್ದ ಹೊಗೆಯನ್ನು ತಣ್ಣಗೆ ಮಾಡಿದರೆ ಟಾರು, ಹುಳಿ ಅಂಶ, ಮದ್ಯಸಾರ ಎಲ್ಲ ನೀರಾಗಿ ಇಳಿಯುತ್ತೆ. ಹುಳಿಗೆ ಸುಣ್ಣ ಬೆರೆಸಿದರೆ ಕ್ಯಾಲ್ಸಿಯಂ ಅಸಿಟೇಟ್. ಮದ್ಯಸಾರ ಅಂದ್ರೆ ಮಿಥೈಲ್ ಆಲ್ಕೋಹಾಲ್. ಉಳಿದ ಇದ್ದಿಲು ಊದುಕುಲುಮೆಗೆ ಹೋಗುತ್ತೆ, ಕೆಮ್ಮಣ್ಣುಗುಂಡಿಯಿಂದ ಬಂದ ಅದಿರನ್ನು ಕರಗಿಸೋಕೆ. 1923ರ ಜನವರಿಯಲ್ಲಿ ಮೊದಲ ಬೀಡು ಕಬ್ಬಿಣ ಹರಿದದ್ದು ಹಾಗೆ. ಊರಿನ ಹಳೇ ಹೆಸರು ಬೆಂಕಿಪುರ. ಹೆಸರಿಗೆ ಸರಿಯಾದ ಕೆಲಸವೇ ಸಿಕ್ಕಿತು ನೋಡಿ.

ಇದೆಲ್ಲ ಈಗ ಯಾಕೆ ನೆನಪಾಯ್ತು ಅಂದ್ರೆ, ಇವರನ್ನು ಆಫೀಸಿನವರು ಜರ್ಮನಿಯ ನ್ಯೂರೆಂಬರ್ಗ್‌ಗೆ ಮೂರು ತಿಂಗಳ ಮಟ್ಟಿಗೆ ಕಳಿಸಿದ್ದರು, ನಾನೂ ಜೊತೆಗೆ ಹೋಗಿದ್ದೆ. ಅಲ್ಲಿಂದ ರೈಲಿನಲ್ಲಿ ಒಂದು ಗಂಟೆಯೊಳಗೆ ಬಾಂಬರ್ಗ್ ಅನ್ನೋ ಊರು. 1993ರಲ್ಲಿ ಯುನೆಸ್ಕೋದವರು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಹಳೇ ಪಟ್ಟಣ. ರೆಗ್ನಿಟ್ಜ್ ಅನ್ನೋ ಹೊಳೆ, ಹೊಳೆಯ ನಟ್ಟನಡುವೆ ಹಳೇ ಪುರಸಭೆ ಕಟ್ಟಡ, ಗುಡ್ಡದ ಮೇಲೆ ದೊಡ್ಡ ಚರ್ಚು. ಜನಸಂಖ್ಯೆ ನಮ್ಮ ಭದ್ರಾವತಿಯ ಅರ್ಧದಷ್ಟು. ಅಷ್ಟು ಸಣ್ಣ ಊರಲ್ಲಿ ಬಿಯರ್ ಮಾಡುವ ಮನೆಗಳು ಹತ್ತರ ಆಸುಪಾಸು! ಇವರ ಜೊತೆ ಕೆಲಸ ಮಾಡುವ ಒಬ್ಬರು, "ಚರ್ಚು ಆಮೇಲೆ ನೋಡಿ, ಮೊದಲು ಬಿಯರ್ ಮನೆ ನೋಡಿ" ಅಂತ ಒಂದು ಚೀಟಿಯಲ್ಲಿ ಹೆಸರುಗಳನ್ನು ಬರೆದುಕೊಟ್ಟಿದ್ದರು, ನಮ್ಮ ಕಡೆ ಯಾತ್ರೆಗೆ ಹೊರಟವರಿಗೆ ಯಾವ ದೇವಸ್ಥಾನ ಮೊದಲು ಅಂತ ಹೇಳ್ತಾರಲ್ಲ, ಹಾಗೆ.

ನಾನು ಕುಡಿಯೋಳಲ್ಲ. ನೋಡೋಕೆ ಏನಂತೆ ಅಂತ ಹೋದೆ. ಚೀಟಿಯಲ್ಲಿ ಮೊದಲು ಇದ್ದದ್ದು ಶ್ಲೆಂಕರ್ಲಾ. ಚರ್ಚಿನ ಗುಡ್ಡದ ಕೆಳಗೆ ಕಿರಿದಾದ ಬೀದಿ, ಮರದ ತೊಲೆಯ ಹಳೇ ಮನೆ. ಅದರ ದಾಖಲೆ 1405ರಿಂದ ಸಿಗುತ್ತಂತೆ. 1405 ಅಂದ್ರೆ ನಮ್ಮಲ್ಲಿ ವಿಜಯನಗರದ ಸಂಗಮರ ಕಾಲ, ಕೃಷ್ಣದೇವರಾಯ ಇನ್ನೂ ಹುಟ್ಟಿರಲಿಲ್ಲ. ಒಳಗೆ ಮರದ ಪೀಪಾಯಿಂದ ನೇರವಾಗಿ ಲೋಟಕ್ಕೆ ಹಿಡಿದು ಕೊಡ್ತಾರೆ. ಬಣ್ಣ ನಮ್ಮ ಡಿಕಾಕ್ಷನ್ ಥರ. ಇವರು ಒಂದು ಗುಟುಕು ಕುಡಿದು ಮುಖ ಸಿಂಡರಿಸಿ, "ಲೇ, ಇದು ಹೊಗೆ ಕಣೇ" ಅಂದ್ರು. ನಾನು ಲೋಟ ಮೂಗಿನ ಹತ್ತಿರ ಹಿಡಿದೆ ಅಷ್ಟೇ. ತೀರ್ಥಹಳ್ಳಿ ಹತ್ತಿರದ ಅಮ್ಮಮ್ಮನ ಮನೆಯ ಅಟ್ಟಕ್ಕೆ ಹೋಗಿ ನಿಂತ ಹಾಗಾಯ್ತು! ಮಳೆಗಾಲದಲ್ಲಿ ಬಿಸಿಲೇ ಇಲ್ಲದಾಗ ಒಲೆಯ ಮೇಲಿನ ಅಟ್ಟದಲ್ಲಿ ಅಡಿಕೆ, ಉಪ್ಪಾಗೆ, ಮುರುಗಲ ಸಿಪ್ಪೆ ಎಲ್ಲ ಒಣಗಿಸ್ತಿದ್ರಲ್ಲ, ಆ ವಾಸನೆ. ಅದನ್ನು ಲೋಟದಲ್ಲಿ ಹಾಕಿ ಕೊಟ್ಟಿದ್ದಾರೆ.

ಇದಕ್ಕೆ ಅಲ್ಲಿ ರೌಖ್‌ಬಿಯರ್ ಅಂತಾರೆ, ಹೊಗೆ ಬಿಯರ್. ಮಾಡೋದು ಹೇಗೆ ಅಂತ ಕೇಳಿ, ನಿಮಗೆಲ್ಲ ಗೊತ್ತಿರೋ ಕೆಲಸವೇ. ಮಗುವಿಗೆ ರಾಗಿ ಸರಿ ಮಾಡೋಕೆ ನಾವು ರಾಗಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹುರಿದು ಬೀಸ್ತೀವಲ್ಲ? ಅವರು ಬಾರ್ಲಿಯನ್ನು ಹಾಗೇ ನೆನೆಸಿ ಮೊಳಕೆ ಬರಿಸ್ತಾರೆ. ಮೊಳಕೆ ಬಂದಾಗ ಕಾಳಿನ ಹಿಟ್ಟು ಸಿಹಿಗೆ ತಿರುಗೋಕೆ ತಯಾರಾಗುತ್ತೆ. ಆಗ ಬೆಳವಣಿಗೆ ನಿಲ್ಲಿಸೋಕೆ ಬಿಸಿ ಕೊಟ್ಟು ಒಣಗಿಸಬೇಕು. ಹಿಂದೆ ಎಲ್ಲ ಕಡೆ ಒಣಗಿಸ್ತಿದ್ದದ್ದು ಸೌದೆ ಬೆಂಕಿಯ ಮೇಲೆ, ಹಾಗಾಗಿ ಆಗಿನ ಬಿಯರುಗಳಿಗೆಲ್ಲ ಒಂಚೂರು ಹೊಗೆ ವಾಸನೆ ಇದ್ದೇ ಇರುತ್ತಿತ್ತಂತೆ. ಆಮೇಲೆ ಹೊಗೆ ತಾಕದ ಹಾಗೆ ಬಿಸಿಗಾಳಿಯಲ್ಲಿ ಒಣಗಿಸೋ ಉಪಾಯ ಬಂತು, ಲೋಕವೆಲ್ಲ ಹೊಗೆಯನ್ನು ಬಿಟ್ಟಿತು. ಬಾಂಬರ್ಗಿನ ಎರಡು ಮನೆಯವರು ಮಾತ್ರ ಬಿಡಲಿಲ್ಲ. ಒಂದು ಈ ಶ್ಲೆಂಕರ್ಲಾ, ಇನ್ನೊಂದು ಹೊಳೆಯ ಆಚೆ ದಂಡೆಯಲ್ಲಿರೋ, 1536ರಿಂದ ಇರುವ ಶ್ಪೆಟ್ಸಿಯಾಲ್. ಇವತ್ತಿಗೂ ತಮ್ಮ ಕಾಳನ್ನು ತಾವೇ ಬೀಚ್ ಮರದ ಸೌದೆ ಉರಿಸಿ ಒಣಗಿಸ್ತಾರೆ. ಶ್ಪೆಟ್ಸಿಯಾಲ್‌ನ ಎದುರಿಗೇ, ರಸ್ತೆ ದಾಟಿದರೆ ಫೆಸ್ಲಾ ಅನ್ನೋ ಇನ್ನೊಂದು ಬಿಯರ್ ಮನೆ. ಗಾಂಧಿ ಬಜಾರಿನಲ್ಲಿ ಎದುರುಬದುರು ಬಟ್ಟೆ ಅಂಗಡಿ ಇದ್ದ ಹಾಗೆ.

ಇನ್ನೊಂದು ವಿಷಯ. ಬಿಯರಿಗೆ ಮೊಳಕೆ ಕಾಳು, ಹಾಪ್ ಹೂವು, ನೀರು ಬಿಟ್ಟು ಬೇರೇನೂ ಹಾಕಕೂಡದು ಅಂತ ಬವೇರಿಯಾದ ಕಾನೂನು 1516ರದ್ದು, ಜಗತ್ತಿಗೇ ಗೊತ್ತು. ಬಾಂಬರ್ಗಿನಲ್ಲಿ ಅಂಥದ್ದೇ ಕಟ್ಟಳೆ 1489ರಲ್ಲೇ ಬಂದಿತ್ತು, ಮಾಡಿದ್ದು ಅಲ್ಲಿನ ಬಿಷಪ್! ಧರ್ಮಗುರುಗಳು ಕುಡಿಯಬೇಡಿ ಅನ್ನುವ ಬದಲು ಕಲಬೆರಕೆ ಮಾಡಬೇಡಿ ಅಂದದ್ದು ನನಗೆ ಬಲೇ ಸೋಜಿಗ ಅನ್ನಿಸಿತು.

ಆದರೆ ಆ ದಿನ ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ನಮ್ಮ ಮೇಜಿನಲ್ಲೇ ಎಪ್ಪತ್ತು ದಾಟಿದ ಇಬ್ಬರು ಅಜ್ಜಿಯರು ಕೂತಿದ್ದರು. ಮುಂದೆ ಅರ್ಧ ಲೀಟರಿನ ಲೋಟ, ಪಕ್ಕದಲ್ಲಿ ತರಕಾರಿ ಚೀಲ. ಸಂತೆ ಮುಗಿಸಿ ಬಂದವರು. ಅತ್ತ ಒಂದು ಮಗು ಅಪ್ಪನ ತೊಡೆ ಮೇಲೆ ನಿದ್ದೆ ಮಾಡ್ತಿತ್ತು. ಸಂಜೆ ಗುಡ್ಡದ ಮೇಲಿನ ತೋಟಕ್ಕೆ ಹೋದೆವು. ಅದಕ್ಕೆ 'ಕೆಲ್ಲರ್' ಅಂತಾರೆ, ನೆಲಮಾಳಿಗೆ ಅಂತ ಅರ್ಥ. ಹಿಂದೆ ಗುಡ್ಡ ಕೊರೆದು ಬಿಯರನ್ನು ತಣ್ಣಗೆ ಇಡ್ತಿದ್ದರು, ಮೇಲೆ ನೆರಳಿಗೆ ಮರ ನೆಟ್ಟರು, ನೆರಳಿದ್ದ ಕಡೆ ಜನ ಕೂತರು. ಬಹಳ ಕಡೆ ಮನೆಯಿಂದ ಬುತ್ತಿ ಕಟ್ಟಿಕೊಂಡು ಬಂದು ಬಿಯರ್ ಮಾತ್ರ ಕೊಂಡರೂ ಯಾರೂ ಏನೂ ಅನ್ನಲ್ಲ. ಬಿಯರ್ ಮಾಡಿದವರು ಯಾರು, ಅವರಪ್ಪ ಯಾರು ಅಂತ ಕುಡಿಯೋರಿಗೆ ಗೊತ್ತು. ಯಾರು ಎಷ್ಟು ಕುಡಿದರು ಅಂತ ಪಕ್ಕದ ಮೇಜಿನವರಿಗೆ ಗೊತ್ತು. ಮರೆ ಅನ್ನೋದೇ ಇಲ್ಲ.

ನಾನು ಬೆಳೆದದ್ದು ಹೇಗೆ ಹೇಳಲಾ? ಶಾಲೆಗೆ ಹೋಗೋ ದಾರಿಯಲ್ಲಿ ಒಂದು ಸಾರಾಯಿ ಅಂಗಡಿ ಇತ್ತು. ಅದು ಬರೋಕೆ ಮುಂಚೆಯೇ ನಾವು ಹುಡುಗಿಯರು ರಸ್ತೆ ದಾಟಿ ಆಚೆ ಬದಿಗೆ ಹೋಗ್ತಿದ್ವಿ, ತಲೆ ತಗ್ಗಿಸಿ, ಬೇಗ ಬೇಗ. ಹಸಿರು ಬಣ್ಣದ ಚಾಪೆ ಕಟ್ಟಿದ ಬಾಗಿಲು, ಒಳಗೆ ಕತ್ತಲೆ. ಹದಿನೈದು ವರ್ಷ ಓಡಾಡಿದರೂ ಆ ಅಂಗಡಿ ಒಳಗೆ ಹೇಗಿತ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿದ್ದದ್ದು ಅದರಿಂದ ಹೊರಗೆ ಬರುವವರು. ಪಕ್ಕದ ಮನೆ ಮಾವ ಅವರಲ್ಲಿ ಒಬ್ಬರು. ಒಳ್ಳೇ ಕೆಲಸಗಾರರು, ಮಕ್ಕಳಿಗೆ ಗಾಳಿಪಟ ಮಾಡಿಕೊಡೋರು. ಸಂಬಳದ ದಿನ ಸಂಜೆ ಅತ್ತೆ ನಮ್ಮ ಮನೆ ಕಟ್ಟೆ ಮೇಲೆ ಬಂದು ಕೂರೋರು, ರಸ್ತೆ ನೋಡುತ್ತಾ. ಅಮ್ಮ ಏನೂ ಕೇಳದೆ ಒಂದು ಲೋಟ ಕಾಫಿ ತಂದಿಡೋರು. ಮಾವ ನಲವತ್ತೆಂಟಕ್ಕೆ ಹೋದರು. ಈಲಿ ಪೂರ್ತಿ ಹಾಳಾಗಿತ್ತು.

ಹಾಗಾಗಿ ಬಾಂಬರ್ಗಿನ ಅಜ್ಜಿಯರನ್ನು ನೋಡಿದಾಗ ಖುಷಿಯ ಜೊತೆ ಏನೋ ಒಂದು ಸಿಟ್ಟೂ ಬಂತು. ಇವರಿಗೆ ಹೇಗೆ ಸಾಧ್ಯ ಆಯ್ತು? ನಮ್ಮಲ್ಲಿ ಯಾಕೆ ಆಗಲಿಲ್ಲ?

ಊರಿಗೆ ಬಂದ ಮೇಲೆ ಅಪ್ಪನ ಹತ್ತಿರ ಇದನ್ನೇ ಕೇಳಿದೆ. ಅಪ್ಪ ರಿಟೈರಾಗಿ ಈಗ ಶಿವಮೊಗ್ಗದ ವಿನೋಬನಗರದಲ್ಲಿದ್ದಾರೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಲ್ಲೂ ಗೊತ್ತಿರೋರು ಮಾಡಿದ್ದನ್ನ ಗೊತ್ತಿರೋರು ಕುಡಿಯೋ ಕಾಲ ಇತ್ತು ಮಗ. ನಿಮ್ಮ ಅಮ್ಮಮ್ಮನ ಊರ ಕಡೆ ಕೇಳು" ಅಂದ್ರು. ಮುಂದಿನ ಭಾನುವಾರ ತೀರ್ಥಹಳ್ಳಿ ರಸ್ತೆಯಲ್ಲಿ, ತುಂಗೆಯ ಬಲಕ್ಕೋ ಎಡಕ್ಕೋ ಅಂತ ಹೇಳದೇ ಇರೋದೇ ಒಳ್ಳೇದು, ಒಬ್ಬ ಹಿರಿಯರ ಮನೆಗೆ ಹೋದೆವು. ಹಿಂದೆ ಬಗನಿ ಮರದಿಂದ ಹೆಂಡ ಇಳಿಸ್ತಿದ್ದವರು. ಈಗ ಎಂಬತ್ತರ ಹತ್ತಿರ.

ನಮ್ಮ ಕಡೆ ಬಯಲುಸೀಮೆಯ ಮಗ್ಗುಲಿಗೆ ಈಚಲ ಹೆಂಡ, ಮಲೆನಾಡಿಗೆ ಬಗನಿ ಹೆಂಡ. ಈಡಿಗರಲ್ಲಿ ಎಷ್ಟೋ ಮನೆಗಳ ಕುಲಕಸುಬು. ಬಗನಿಯನ್ನು ಬೈನೆ ಅಂತಲೂ ಅಂತಾರೆ, ಆನೆಗೆ ಅದರ ಎಲೆ ಅಂದ್ರೆ ಪ್ರಾಣ. ಅಜ್ಜ ಹೇಳಿದ್ದು ಕೇಳಿ: ಮರ ಬಲಿತ ಮೇಲೆ ಹೊಂಬಾಳೆ ಮೊದಲು ತುದಿಯಲ್ಲಿ ಬರುತ್ತೆ, ಆಮೇಲೆ ಒಂದೊಂದಾಗಿ ಕೆಳಕೆಳಗೆ. ಕಡೆಯ ಗೊನೆ ಹಣ್ಣಾದ ಮೇಲೆ ಮರ ಸಾಯುತ್ತೆ. ಹೊಂಬಾಳೆಯ ತುದಿಯನ್ನು ತೆಳ್ಳಗೆ ಕೆತ್ತಿ ಗಡಿಗೆ ಕಟ್ಟಬೇಕು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹತ್ತಬೇಕು, ಪ್ರತಿ ಸಲವೂ ಒಂದು ಎಳೆಯಷ್ಟು ಹೊಸದಾಗಿ ಕೆತ್ತಬೇಕು. ಜಾಸ್ತಿ ಕೆತ್ತಿದರೆ ಹೊಂಬಾಳೆ ಬೇಗ ಮುಗೀತು, ಕಮ್ಮಿ ಕೆತ್ತಿದರೆ ರಸ ನಿಂತಿತು. ಗಡಿಗೆಗೆ ಸುಣ್ಣ ಬಳಿದರೆ ಸಿಹಿ ಸಿಹಿ ನೀರಾ. ಬಳಿಯದಿದ್ದರೆ ಗಾಳಿಯಲ್ಲಿರೋ ಹುದುಗೇ ಸಾಕು, ಕೆಲವೇ ಗಂಟೆಗಳಲ್ಲಿ ನೊರೆ ಬಂದು ಹೆಂಡ. ಮಾರನೇ ದಿನಕ್ಕೆ ಹುಳಿ, ಆಮೇಲೆ ಯಾರೂ ಮುಟ್ಟಲ್ಲ. "ಹಂಗಾಗಿ ದೂರದ ಪ್ಯಾಟೆಗೆ ಹೊತ್ತುಕಂಡು ಹೋಗಾಕಾಗಲ್ಲ ತಾಯಿ, ಊರಲ್ಲೇ ಖರ್ಚಾಗಬೇಕು. ನೀರು ಬೆರಸಿದ್ರೆ ಬೆಳಿಗ್ಗೆ ಬಂದು ನನ್ನ ಮಕದ ಮೇಲೇ ಉಗೀತಿದ್ರು" ಅಂದ್ರು ಅಜ್ಜ. ಬಾಂಬರ್ಗಿನ ಬಿಷಪ್‌ಗೆ ಕಟ್ಟಳೆ ಬೇಕಾಯ್ತು, ನಮ್ಮಲ್ಲಿ ಇಷ್ಟೇ ಸಾಕಿತ್ತು!

ಅಜ್ಜ ಅಟ್ಟದಿಂದ ಒಂದು ಕತ್ತಿ ಇಳಿಸಿ ತೋರಿಸಿದರು. ಹೆಬ್ಬೆರಳಿಂದ ಅದರ ಅಂಚು ಸವರಿದರು. ಎಷ್ಟೋ ವರ್ಷದಿಂದ ಮರ ಹತ್ತದಿದ್ದರೂ ಆಗಾಗ ಮಸೆದು ಇಡ್ತಾರಂತೆ.

ಹೆಂಡವನ್ನು ನಿಲ್ಲಿಸಿದ್ದು ಈ ಶತಮಾನದ ಮೊದಲ ದಶಕದಲ್ಲಿ. ದಕ್ಷಿಣ ಕನ್ನಡ, ಉಡುಪಿಗೆ ಅವಕಾಶ ಉಳಿಯಿತು, ನಮ್ಮ ಜಿಲ್ಲೆಗೆ ಇಲ್ಲ. ಹೆಂಡದ ಮೇಲಿನ ಸಿಟ್ಟು ಅದಕ್ಕಿಂತ ಹಳೆಯದು. 1939ರಲ್ಲಿ ಪಕ್ಕದ ಚಿತ್ರದುರ್ಗದ ತುರುವನೂರಿನಲ್ಲಿ ಈಚಲು ಮರ ಕಡಿಯೋದೇ ಸ್ವಾತಂತ್ರ್ಯ ಚಳವಳಿಯಾಗಿತ್ತು. ಆಮೇಲೆ 2007ರ ಜುಲೈ 1ರಿಂದ ಸಾರಾಯಿಯೂ ಬಂದ್. ಬಜೆಟ್ಟಿನಲ್ಲಿ ಅದನ್ನು ಹೇಳಿದ್ದು ಆಗ ಹಣಕಾಸು ಖಾತೆ ಇಟ್ಟುಕೊಂಡಿದ್ದ, ನಮ್ಮದೇ ಜಿಲ್ಲೆಯ ಶಿಕಾರಿಪುರದ ಶಾಸಕ ಯಡಿಯೂರಪ್ಪನವರು. ಆ ದಿನ ನಮ್ಮ ಪಕ್ಕದ ಮನೆ ಅತ್ತೆ ದೇವಸ್ಥಾನಕ್ಕೆ ಹೋಗಿ ಕಾಯಿ ಒಡೆಸಿಕೊಂಡು ಬಂದರಂತೆ. ಮಾವ ಹೋಗಿ ಆಗಲೇ ವರ್ಷಗಳಾಗಿದ್ದವು. ಆದರೂ ಒಡೆಸಿದರು.

ಸಾರಾಯಿಗೂ ಹೆಂಡಕ್ಕೂ ಇದ್ದ ವ್ಯತ್ಯಾಸ ನನಗೆ ಸರಿಯಾಗಿ ಅರ್ಥ ಆಗಿದ್ದು ಆ ಅಜ್ಜನ ಜಗಲಿಯಲ್ಲಿ ಕೂತಾಗ. ಹೆಂಡಕ್ಕೆ ಒಂದು ಮರ ಇತ್ತು, ಇಳಿಸುವ ಒಬ್ಬ ಮನುಷ್ಯ ಇದ್ದ. ಸಾರಾಯಿ ಎಲ್ಲೋ ದೊಡ್ಡ ಭಟ್ಟಿಯಲ್ಲಿ ಇಳಿದ ಮದ್ಯಸಾರಕ್ಕೆ ನೀರು ಸೇರಿಸಿ ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲಿ ಬಂದದ್ದು. ಮೂಲೆ ಹಲ್ಲಲ್ಲಿ ಕಚ್ಚಿ ಗಂಟಲಿಗೆ ಸುರಿದುಕೊಂಡರೆ ಮುಗೀತು, ಕೂರೋಕೆ ಮೇಜು ಬೇಡ, ಮಾತಾಡೋಕೆ ಜೊತೆ ಬೇಡ. ಅದೂ ಹೋದ ಮೇಲೆ ಈಗ ಇನ್ನೂ ದೂರದಿಂದ ಬರುವ ಕಾಲು ಬಾಟಲಿ, ಅದಕ್ಕೂ ಪುಟ್ಟ ಕಾಗದದ ಡಬ್ಬಿ. ಶಿವಮೊಗ್ಗದಿಂದ ಭದ್ರಾವತಿಗೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ಇಪ್ಪತ್ತು ಕಿಲೋಮೀಟರಿನೊಳಗೆ ಬೋರ್ಡುಗಳು ಎಣಿಸೋಕೆ ಸಿಗುತ್ತವೆ. ಅಲ್ಲಿ ಮಾರೋದರಲ್ಲಿ ಯಾವುದನ್ನು ಯಾರು, ಯಾವ ಊರಲ್ಲಿ, ಹೇಗೆ ಮಾಡಿದರು ಅಂತ ಕುಡಿಯೋನಿಗೂ ಗೊತ್ತಿಲ್ಲ, ಮಾರೋನಿಗೂ ಗೊತ್ತಿಲ್ಲ.

ಮಾಡಿದವರು ಯಾರು ಅಂತ ಗೊತ್ತಿಲ್ಲದ ಕುಡಿತ ಎಲ್ಲಿಗೆ ಹೋಗುತ್ತೆ ಅನ್ನೋದಕ್ಕೆ ತಾತನ ಭಟ್ಟಿಯಲ್ಲೇ ಉತ್ತರ ಇದೆ. ಅಲ್ಲಿ ಇಳೀತಿತ್ತಲ್ಲ ಮಿಥೈಲ್ ಆಲ್ಕೋಹಾಲ್, ಅದು ನೋಡೋಕೆ, ಮೂಸೋಕೆ ಕುಡಿಯೋ ಮದ್ಯಸಾರದ ಅಣ್ಣತಮ್ಮನ ಹಾಗೇ. ಬಣ್ಣ, ವಾರ್ನಿಷ್, ರಾಸಾಯನಿಕ ಕೆಲಸಕ್ಕೆ ಬೇಕಾದ್ದು. ಹೊಟ್ಟೆಗೆ ಹೋದರೆ ದೇಹ ಅದನ್ನು ಫಾರ್ಮಿಕ್ ಆಮ್ಲ ಮಾಡುತ್ತೆ, ಮೊದಲು ಕಣ್ಣು ಹೋಗುತ್ತೆ, ಆಮೇಲೆ ಜೀವ. 1981ರಲ್ಲಿ ಬೆಂಗಳೂರಿನಲ್ಲಿ ಮಿಥೈಲ್ ಬೆರೆತ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಸಾರಾಯಿ ನಿಷೇಧವಾದ ಮರುವರ್ಷ, 2008ರ ಮೇ ತಿಂಗಳಲ್ಲಿ, ಬೆಂಗಳೂರಿನ ಸುತ್ತ ಮತ್ತು ತಮಿಳುನಾಡಿನ ಗಡಿಯಲ್ಲಿ ಮತ್ತೆ 150ಕ್ಕೂ ಹೆಚ್ಚು ಜನ. ತಾತ ಇದ್ದಾಗ ಹೇಳ್ತಿದ್ದರಂತೆ, ಭಟ್ಟಿ ವಿಭಾಗಕ್ಕೆ ಹೊಸ ಹುಡುಗರು ಬಂದ ಮೊದಲ ದಿನವೇ ಹಿರಿಯರು ಕರೆದು ಒಂದು ಮಾತು ಹೇಳೋರು: "ಇದು ಮೂಸೋಕೆ ಮಾತ್ರ ಕಣ್ರೋ, ನಾಲಿಗೆ ಚಾಚಿದ್ರೆ ಹೆಂಡ್ತಿ ಮುಖ ಕಾಣಲ್ಲ." ಅಲ್ಲೂ ಕಾಪಾಡಿದ್ದು ಪಕ್ಕದಲ್ಲಿ ನಿಂತು ಹೇಳುವ ಒಬ್ಬ ಮನುಷ್ಯ.

ನಾನು ಇದನ್ನೆಲ್ಲ ಒಂದು ಸಂಜೆ ಅತ್ತೆಯ ಮುಂದೆ ಹೇಳಿದೆ. ಭದ್ರಾವತಿಯ ಹಳೇ ಮನೆಯಲ್ಲೇ ಇದ್ದಾರೆ ಅವರು ಈಗಲೂ. ಬಾಂಬರ್ಗಿನ ಅಜ್ಜಿಯರ ಕಥೆ, ಬಗನಿ ಹೆಂಡದ ಕಥೆ, ಮೇಜು, ಮರದ ನೆರಳು ಎಲ್ಲ ಹೇಳಿದೆ. ಅತ್ತೆ ಹೂ ಕಟ್ಟುತ್ತಾ ಪೂರ್ತಿ ಕೇಳಿದರು. ಆಮೇಲೆ ಹೇಳಿದರು: "ಆ ಅಜ್ಜೀರ ಕೈಲಿ ಅವರದೇ ದುಡ್ಡು ಇತ್ತೇನೇ?"

ನನಗೆ ಪ್ರಶ್ನೆ ತಕ್ಷಣಕ್ಕೆ ಅರ್ಥ ಆಗಲಿಲ್ಲ.

"ಅಲ್ವೇ, ಲೋಟಕ್ಕೆ ದುಡ್ಡು ಅವರೇ ಕೊಟ್ಟರು ತಾನೆ? ಚೀಲದಲ್ಲಿ ತರಕಾರಿ ಆಗಲೇ ಇತ್ತು ತಾನೆ? ನಮ್ಮ ಕಾಲದಲ್ಲಿ ಹೆಂಡಕ್ಕೆ ಹೋಗಲಿ, ಸಾರಾಯಿಗೆ ಹೋಗಲಿ, ಹೋಗ್ತಿದ್ದದ್ದು ಅಕ್ಕಿ ದುಡ್ಡು. ಹೆಂಡ ಇಳಿಸೋನ ಮುಖ ಅವರಿಗೆ ಗೊತ್ತಿತ್ತು ಸರಿ. ಮನೇಲಿ ಕಾಯೋಳ ಮುಖ?"

ಇದಕ್ಕೆ ಏನು ಹೇಳೋದು? ನಾನು ಹೂವಿನ ದಾರ ಹಿಡಿದುಕೊಂಡು ಕೂತೆ. ಅಜ್ಜನ ಮಾತೂ ಸುಳ್ಳಲ್ಲ, ಅತ್ತೆಯ ಮಾತೂ ಸುಳ್ಳಲ್ಲ. ಹೆಂಡ ಕುಡಿದು ಹೆಂಡತಿಗೆ ಹೊಡೆದವರು ಅಜ್ಜನ ಊರಲ್ಲೂ ಇದ್ದರು, ಅವರೇ ಹೇಳಿದರು. ಬಾಂಬರ್ಗಿನಲ್ಲಿ ಕುಡಿದು ಹಾಳಾದವರು ಇರಲಿಕ್ಕಿಲ್ಲ ಅಂತ ಒಂದು ದಿನ ಚೀಟಿ ಹಿಡಿದು ತಿರುಗಿದ ನಾನು ಹೇಳೋಕಾಗುತ್ತಾ? ಆದರೆ ಒಂದು ಮಾತು ಈಗಲೂ ನನ್ನ ತಲೆಯಲ್ಲಿ ನಿಂತಿದೆ. ಕುಡಿತವನ್ನು ಕತ್ತಲೆಗೆ ತಳ್ಳಿದಷ್ಟೂ, ಮಾಡೋನು ದೂರ ಹೋದಷ್ಟೂ, ಕಾಯೋಳ ಕಟ್ಟೆ ಹಾಗೇ ಉಳಿಯಿತು. ಬದಲಾದದ್ದು ಪ್ಯಾಕೆಟ್ಟು ಮಾತ್ರ.

ಕಾರ್ಖಾನೆಯ ಕಥೆ ನಿಮಗೆ ಗೊತ್ತೇ ಇದೆ. ಮರದ ಭಟ್ಟಿ ಯಾವತ್ತೋ ಹೋಯಿತು. ಪೇಪರ್ ಟೌನಿನ ಎಂಪಿಎಂ 2015ರಲ್ಲಿ ನಿಂತಿತು. ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಬಂತು, ಗುತ್ತಿಗೆ ಕಾರ್ಮಿಕರು ಬೀದಿಗಿಳಿದರು, ಅದೇ ವರ್ಷ ಆಗಸ್ಟಿನಲ್ಲಿ ರೋಲಿಂಗ್ ಕೆಲಸ ಒಂದಿಷ್ಟು ಮತ್ತೆ ಶುರುವಾಯಿತು. ಒಂದು ಕಾಲದಲ್ಲಿ ಸಂಬಳದ ದಿನ ಊರೇ ಜಾತ್ರೆ. ಈಗ ಸಂಬಳವೇ ಎಷ್ಟೋ ಮನೆಗಳಲ್ಲಿ ಇಲ್ಲ, ಆದರೂ ಬೋರ್ಡುಗಳ ದೀಪ ಒಂದೂ ಆರಿಲ್ಲ.

ಬಾಂಬರ್ಗಿನಿಂದ ಅಪ್ಪನಿಗೆ ಅಂತ ಒಂದು ಹೊಗೆ ಬಿಯರ್ ಬಾಟಲಿ ತಂದಿದ್ದೆ. ಅಪ್ಪ ಕುಡಿಯೋರಲ್ಲ. ಮುಚ್ಚಳ ತೆಗೆದು ಬರೀ ಮೂಸಿದರು. ತುಂಬ ಹೊತ್ತು ಮೂಸಿದರು. "ನಿಮ್ಮ ತಾತ ಪಾಳಿ ಮುಗಿಸಿ ಬಂದಾಗ ಅಂಗಿ ಹಿಂಗೇ ಇರ್ತಿತ್ತು" ಅಂದ್ರು. ಆಮೇಲೆ ಅಮ್ಮನನ್ನು ಕರೆದು, "ಬಾರೇ ಇಲ್ಲಿ, ನೀನೂ ಮೂಸು" ಅಂತ ಲೋಟಕ್ಕೆ ಒಂದಿಷ್ಟು ಬಗ್ಗಿಸಿ ಅವರ ಕೈಗೇ ಕೊಟ್ಟರು. ಅಮ್ಮ ಬಾಗಿಲ ಕಡೆ ಒಂದು ಸಲ ನೋಡಿ, ಸೆರಗು ಸರಿ ಮಾಡಿಕೊಂಡು, ಲೋಟವನ್ನು ಮೂಗಿನ ಹತ್ತಿರ ತಂದರು.